ಕ್ಲೌಡ್ ಕಂಪ್ಯೂಟಿಂಗ್: ಸೇವೆ ಬಾಡಿಗೆಯದು, ಹೊಣೆ ವರ್ತಕರದು

ಕಿರ್ದಿ ಮತ್ತು ಖಾತೆ ಪುಸ್ತಕಗಳಲ್ಲಿದ್ದ ನಮ್ಮ ವರ್ತಕರ ಲೆಕ್ಕಪತ್ರಗಳು ಮೊದಲು ಅಂಗಡಿಯ ಗಣಕಯಂತ್ರಕ್ಕೆ ಬಂದವು. ಈಗ ಅವು ಅಂತರಜಾಲದ ಮೂಲಕ ಬೇರೊಬ್ಬರ ಕಟ್ಟಡದಲ್ಲಿರುವ ಸರ್ವರ್‌ಗಳಿಗೆ ಸಾಗುತ್ತಿವೆ. ಹೀಗೆ ಗಣಕ ಸೌಲಭ್ಯವನ್ನು ಸ್ವಂತಕ್ಕೆ ಕೊಳ್ಳದೆ, ಬೇಕಾದಾಗ ಬೇಕಾದಷ್ಟನ್ನು ಬಾಡಿಗೆಗೆ ಪಡೆದು ಬಳಸುವ ವ್ಯವಸ್ಥೆಗೆ ‘ಕ್ಲೌಡ್ ಕಂಪ್ಯೂಟಿಂಗ್’ ಎಂದು ಹೆಸರು. ಇ-ಮೇಲ್ ಬಳಸುವ, ಅಂತರಜಾಲದಲ್ಲಿ ಬಿಲ್ಲು ತಯಾರಿಸುವ, ಮೊಬೈಲಿನಲ್ಲೇ ದಾಸ್ತಾನು ನೋಡುವ ನಮ್ಮ ಸದಸ್ಯರಲ್ಲಿ ಅನೇಕರು ತಿಳಿದೋ ತಿಳಿಯದೆಯೋ ಈಗಾಗಲೇ ಇದರ ಗ್ರಾಹಕರಾಗಿದ್ದಾರೆ.

ಈ ಸೇವೆಯನ್ನು ಮಾರುವವರು ಅನುಕೂಲ ಮತ್ತು ಬಾಡಿಗೆಯ ದರವನ್ನು ವಿವರವಾಗಿ ಹೇಳುತ್ತಾರೆ. ಗುಣಮಟ್ಟದ ಮಾತು ಬಂದಾಗ ‘99.9 ಶೇಕಡಾ ಖಾತರಿ’ ಎಂಬ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ವ್ಯಾಪಾರಿಗೆ ಮುಖ್ಯವಾದ ಪ್ರಶ್ನೆಗಳೆಲ್ಲ ಅಡಗಿರುವುದು ಆ ಒಂದು ಸಾಲಿನಲ್ಲಿಯೇ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ನೋಂದಾಯಿತ ವರ್ತಕರು 2023ರ ಆಗಸ್ಟ್ 1ರಿಂದ ಇತರ ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯಬೇಕಾಗಿದೆ. ನಿಗದಿತ ಮೌಲ್ಯ ಮೀರಿದ ಸರಕು ಇ-ವೇ ಬಿಲ್ ಇಲ್ಲದೆ ಗೋದಾಮಿನಿಂದ ಹೊರಡುವಂತಿಲ್ಲ. ಬಿಲ್ಲಿನ ತಂತ್ರಾಂಶ ಮಧ್ಯಾಹ್ನ ಎರಡು ಗಂಟೆ ನಿಂತರೆ ಲಾರಿಯೂ ಎರಡು ಗಂಟೆ ಬಾಗಿಲಲ್ಲೇ ನಿಲ್ಲುತ್ತದೆ. ಆದುದರಿಂದ ಕ್ಲೌಡ್ ಸೇವೆಯ ಗುಣಮಟ್ಟವನ್ನು ತಂತ್ರಜ್ಞರ ವಿಷಯವೆಂದು ಬದಿಗಿರಿಸದೆ, ಸರಕು ಖರೀದಿಯ ಷರತ್ತುಗಳನ್ನು ಪರಿಶೀಲಿಸುವಷ್ಟೇ ಎಚ್ಚರದಿಂದ ಮಾಲೀಕರು ಪರಿಶೀಲಿಸುವುದು ಅವಶ್ಯ. ಅದಕ್ಕೆ ಬೇಕಾದ ಮೂಲಭೂತ ಮಾಹಿತಿಯನ್ನು ಒದಗಿಸುವುದೇ ಈ ಲೇಖನದ ಉದ್ದೇಶ.

ಕ್ಲೌಡ್ ಎಂದರೇನು?

ಸುಗ್ಗಿಯ ಕಾಲದಲ್ಲಿ ದಾಸ್ತಾನು ಹೆಚ್ಚಿದಾಗ ವರ್ತಕರು ಹೊಸ ಗೋದಾಮು ಕಟ್ಟಿಸುವುದಿಲ್ಲ. ನಾಲ್ಕು ತಿಂಗಳ ಮಟ್ಟಿಗೆ ಬಾಡಿಗೆಗೆ ಹಿಡಿಯುತ್ತಾರೆ. ಕಟ್ಟಡದ ದುರಸ್ತಿ, ಕಾವಲು, ವಿದ್ಯುತ್ ಇವೆಲ್ಲ ಗೋದಾಮಿನವರ ಪಾಲಿಗೆ. ಬಳಸಿದಷ್ಟು ಜಾಗಕ್ಕೆ, ಬಳಸಿದಷ್ಟು ಕಾಲಕ್ಕೆ ಬಾಡಿಗೆ ಸಲ್ಲುತ್ತದೆ. ಕ್ಲೌಡ್ ಸೇವೆಯ ತತ್ತ್ವವೂ ಇದೇ. ಇಲ್ಲಿ ಜಾಗದ ಬದಲು ಗಣಕದ ಶಕ್ತಿ, ಸಂಗ್ರಹ ಸಾಮರ್ಥ್ಯ ಮತ್ತು ತಂತ್ರಾಂಶ ಬಾಡಿಗೆಗೆ ದೊರೆಯುತ್ತವೆ.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ವ್ಯಾಖ್ಯೆಯು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಂತೆ ಕ್ಲೌಡ್ ಸೇವೆಗೆ ಐದು ಲಕ್ಷಣಗಳಿರಬೇಕು: ಗ್ರಾಹಕನು ಯಾರನ್ನೂ ಕಾಯದೆ ತಾನೇ ಸೇವೆಯನ್ನು ಪಡೆದುಕೊಳ್ಳಬಲ್ಲವನಾಗಿರಬೇಕು, ಜಾಲದ ಮೂಲಕ ಯಾವ ಸಾಧನದಿಂದಲಾದರೂ ಅದು ಲಭ್ಯವಿರಬೇಕು, ಒಂದೇ ಯಂತ್ರಸಮೂಹವನ್ನು ಅನೇಕ ಗ್ರಾಹಕರು ಹಂಚಿಕೊಂಡಿರಬೇಕು, ಅಗತ್ಯಕ್ಕೆ ತಕ್ಕಂತೆ ಸಾಮರ್ಥ್ಯವು ಶೀಘ್ರವಾಗಿ ಹಿಗ್ಗಿ ಕುಗ್ಗಬೇಕು, ಬಳಕೆಯನ್ನು ಮೀಟರಿನಂತೆ ಅಳೆಯುವ ಏರ್ಪಾಡಿರಬೇಕು.

ಈ ವ್ಯವಸ್ಥೆ ಹೊಸದೇನೂ ಅಲ್ಲ. ಸೇಲ್ಸ್‌ಫೋರ್ಸ್ ಎಂಬ ಸಂಸ್ಥೆ 1999ರಲ್ಲಿ ಆರಂಭವಾಗಿ ವ್ಯಾಪಾರದ ತಂತ್ರಾಂಶವನ್ನು ಅಂತರಜಾಲದ ಮೂಲಕ ಚಂದಾ ಪದ್ಧತಿಯಲ್ಲಿ ಕೊಡತೊಡಗಿತು. ಅಮೆಜಾನ್ ಸಂಸ್ಥೆ 2006ರ ಮಾರ್ಚ್‌ನಲ್ಲಿ ಸಂಗ್ರಹ ಸೇವೆಯನ್ನೂ ಅದೇ ವರ್ಷದ ಆಗಸ್ಟ್‌ನಲ್ಲಿ ಗಣಕಶಕ್ತಿಯ ಬಾಡಿಗೆಯನ್ನೂ ತೆರೆಯಿತು. ಭಾರತದೊಳಗೇ ದತ್ತಾಂಶ ಕೇಂದ್ರಗಳಿಂದ ಸೇವೆ ನೀಡುವುದನ್ನು ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ ಮತ್ತು ಗೂಗಲ್ 2017ರಲ್ಲಿ ಆರಂಭಿಸಿದವು.

ಸೇವೆಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಬರಿಯ ಯಂತ್ರ ಮತ್ತು ಸಂಗ್ರಹ ಸಾಮರ್ಥ್ಯದ ಬಾಡಿಗೆ; ಖಾಲಿ ಗೋದಾಮು ಹಿಡಿದಂತೆ. ಎರಡನೆಯದು ತಂತ್ರಾಂಶ ತಯಾರಕರಿಗೆ ಬೇಕಾದ ಸಿದ್ಧ ವೇದಿಕೆ. ಮೂರನೆಯದು ಸಿದ್ಧ ತಂತ್ರಾಂಶವೇ ಚಂದಾ ರೂಪದಲ್ಲಿ ದೊರೆಯುವುದು. ಇ-ಮೇಲ್, ಲೆಕ್ಕಪತ್ರ, ಸಂಬಳದ ಪಟ್ಟಿ, ದಾಸ್ತಾನು ನಿರ್ವಹಣೆ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಸಣ್ಣ ವರ್ತಕರು ಬಹುಮಟ್ಟಿಗೆ ಮೂರನೆಯ ಬಗೆಯ ಗ್ರಾಹಕರು. ಇವಲ್ಲದೆ, ಟ್ಯಾಲಿ ಮುಂತಾದ ಲೆಕ್ಕಪತ್ರ ತಂತ್ರಾಂಶವನ್ನು ದೂರದ ಸರ್ವರ್‌ನಲ್ಲಿ ಸ್ಥಾಪಿಸಿ ಬಾಡಿಗೆಗೆ ಕೊಡುವ ಮಧ್ಯವರ್ತಿಗಳೂ ಇದ್ದಾರೆ. ಅವರಲ್ಲಿ ಕೆಲವರು ತಾವೇ ಬೇರೊಂದು ದೊಡ್ಡ ಸಂಸ್ಥೆಯಿಂದ ಯಂತ್ರವನ್ನು ಬಾಡಿಗೆಗೆ ಪಡೆದಿರುತ್ತಾರೆ. ಅಂಥಲ್ಲಿ ಗ್ರಾಹಕರು ಒಳಬಾಡಿಗೆದಾರರಾಗುತ್ತಾರೆ. ಮಧ್ಯವರ್ತಿಯು ಮೇಲಿನವರಿಗೆ ಬಾಡಿಗೆ ಕಟ್ಟದಿದ್ದರೆ ನಮ್ಮ ಲೆಕ್ಕದ ಗತಿಯೇನು ಎಂಬ ಪ್ರಶ್ನೆಯನ್ನು ಆರಂಭದಲ್ಲೇ ಕೇಳುವುದು ಲೇಸು.

‘99.9’ ಎಂಬ ಅಂಕಿಯ ಅರ್ಥ

ಸೇವೆಯ ಲಭ್ಯತೆಯನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳುವುದು ರೂಢಿ. ಶೇಕಡಾವನ್ನು ಗಂಟೆಗಳಿಗೆ ಪರಿವರ್ತಿಸಿದರೆ ಮಾತ್ರ ಅದರ ನಿಜವಾದ ಅರ್ಥ ತಿಳಿಯುತ್ತದೆ. 30 ದಿನಗಳ ತಿಂಗಳಿಗೆ 720 ಗಂಟೆಗಳು. ಈ ಲೆಕ್ಕದಲ್ಲಿ ಸೇವೆಯು ನಿಲ್ಲಲು ಅವಕಾಶವಿರುವ ಕಾಲ ಹೀಗಿದೆ:

99 ಶೇಕಡಾ – 7 ಗಂಟೆ 12 ನಿಮಿಷ
99.5 ಶೇಕಡಾ – 3 ಗಂಟೆ 36 ನಿಮಿಷ
99.9 ಶೇಕಡಾ – ಸುಮಾರು 43 ನಿಮಿಷ
99.99 ಶೇಕಡಾ – ಸುಮಾರು 4 ನಿಮಿಷ 19 ಸೆಕೆಂಡು

99 ಮತ್ತು 99.9 ಎಂಬ ಅಂಕಿಗಳು ಕಣ್ಣಿಗೆ ಒಂದೇ ತರಹ ಕಂಡರೂ ಅವುಗಳ ನಡುವೆ ಹತ್ತು ಪಟ್ಟು ಅಂತರವಿದೆ. ಮೇಲಾಗಿ, ಆ 7 ಗಂಟೆ 12 ನಿಮಿಷ ಯಾವಾಗ ಬರುತ್ತದೆ ಎಂಬುದನ್ನು ಶೇಕಡಾ ಹೇಳುವುದಿಲ್ಲ. ಭಾನುವಾರ ರಾತ್ರಿ ಬಂದರೆ ಯಾರಿಗೂ ತಿಳಿಯುವುದಿಲ್ಲ. ಜಿಎಸ್‌ಟಿಆರ್-3ಬಿ ಸಲ್ಲಿಕೆಯ ಕೊನೆಯ ದಿನವಾದ 20ನೇ ತಾರೀಖು ಕಚೇರಿಯ ವೇಳೆಯಲ್ಲೇ ಬಂದರೆ ವಿಳಂಬ ಶುಲ್ಕವೂ ಬಡ್ಡಿಯೂ ಬಂದು ಸೇರುತ್ತವೆ. ಲಭ್ಯತೆಯನ್ನು ತಿಂಗಳ ಲೆಕ್ಕದಲ್ಲಿ ಅಳೆಯುತ್ತಾರೆಯೋ ವರ್ಷದ ಲೆಕ್ಕದಲ್ಲೋ ಎಂಬುದನ್ನೂ ನೋಡತಕ್ಕದ್ದು. ವರ್ಷಕ್ಕೆ 99.9 ಎಂದರೆ ಸುಮಾರು 8 ಗಂಟೆ 45 ನಿಮಿಷ. ಅಷ್ಟೂ ಒಂದೇ ದಿನ ನಿಂತರೂ ಕರಾರು ಮುರಿದಂತಾಗುವುದಿಲ್ಲ. ಮುಂಚಿತವಾಗಿ ತಿಳಿಸಿ ಮಾಡುವ ದುರಸ್ತಿಯ ಕಾಲವನ್ನು ಅನೇಕ ಕರಾರುಗಳು ಈ ಲೆಕ್ಕದಿಂದಲೇ ಹೊರಗಿಡುತ್ತವೆ.

ಇನ್ನೊಂದು ಲೆಕ್ಕವೂ ಇದೆ. ಸೇವೆ ನಮ್ಮ ಮೇಜನ್ನು ತಲುಪಬೇಕಾದರೆ ಸೇವಾದಾರನ ಯಂತ್ರ ಮತ್ತು ನಮ್ಮ ಅಂತರಜಾಲ ಸಂಪರ್ಕ ಎರಡೂ ಏಕಕಾಲದಲ್ಲಿ ನಡೆಯುತ್ತಿರಬೇಕು. ಸೇವಾದಾರನದು 99.9 ಶೇಕಡಾ, ನಮ್ಮ ಬ್ರಾಡ್‌ಬ್ಯಾಂಡ್‌ನದು 99 ಶೇಕಡಾ ಎಂದು ಭಾವಿಸಿದರೆ, ಒಟ್ಟು ಲಭ್ಯತೆ ಇವೆರಡರ ಗುಣಲಬ್ಧ, ಅಂದರೆ 98.9 ಶೇಕಡಾ. ತಿಂಗಳಿಗೆ ಸುಮಾರು 8 ಗಂಟೆ ಕೆಲಸ ನಿಂತಂತೆ. ಅಂಥ ಸಂದರ್ಭದಲ್ಲಿ ಹೆಚ್ಚು ಹಣ ಕೊಟ್ಟು 99.99ರ ಸೇವೆ ಕೊಳ್ಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದರ ಬದಲು ಬೇರೆ ಸಂಸ್ಥೆಯ ಎರಡನೆಯ ಸಂಪರ್ಕವನ್ನು ಹಾಕಿಸಿಕೊಂಡರೆ, ಎರಡೂ ಒಟ್ಟಿಗೆ ನಿಲ್ಲುವ ಸಂಭವ ನೂರರಲ್ಲಿ ಒಂದರಿಂದ ಹತ್ತು ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ. ಎರಡೂ ತಂತಿಗಳು ಒಂದೇ ಕಂಬದ ಮೇಲೆ ಬಂದಿದ್ದರೆ ಮಾತ್ರ ಈ ಲೆಕ್ಕ ನಡೆಯದು. ಒಂದು ಮರ ಬಿದ್ದರೆ ಎರಡೂ ಹೋಗುತ್ತವೆ. ಒಂದು ಕೇಬಲ್ ಸಂಪರ್ಕ, ಇನ್ನೊಂದು ಮೊಬೈಲ್ ಸಂಪರ್ಕ ಇರುವುದು ಸಣ್ಣ ಸಂಸ್ಥೆಗಳಿಗೆ ಸೂಕ್ತ ಏರ್ಪಾಡು.

ಪರಿಹಾರ ಎಷ್ಟು, ಯಾವುದಕ್ಕೆ?

ಖಾತರಿ ಮುರಿದರೆ ಪರಿಹಾರವಿದೆ ಎಂದು ಮಾರಾಟಗಾರರು ಹೇಳುವುದುಂಟು. ಆ ಪರಿಹಾರದ ಸ್ವರೂಪವನ್ನು ಅರಿಯಲು ಅಮೆಜಾನ್ ಸಂಸ್ಥೆಯ ಗಣಕಶಕ್ತಿ ಸೇವೆಯ ಪ್ರಕಟಿತ ಕರಾರನ್ನು ಉದಾಹರಣೆಯಾಗಿ ನೋಡಬಹುದು. ಒಂದಕ್ಕಿಂತ ಹೆಚ್ಚು ವಲಯಗಳಲ್ಲಿ ಯಂತ್ರಗಳನ್ನು ಇರಿಸಿಕೊಂಡ ಗ್ರಾಹಕರಿಗೆ ಅದು ತಿಂಗಳಿಗೆ 99.99 ಶೇಕಡಾ ಲಭ್ಯತೆಯ ಭರವಸೆ ನೀಡುತ್ತದೆ. ಲಭ್ಯತೆ ಅದಕ್ಕಿಂತ ಕಡಿಮೆಯಾಗಿ 99ರವರೆಗೆ ಇದ್ದರೆ ಬಿಲ್ಲಿನ 10 ಶೇಕಡಾ, 99ಕ್ಕಿಂತ ಕಡಿಮೆಯಾಗಿ 95ರವರೆಗೆ ಇದ್ದರೆ 30 ಶೇಕಡಾ, 95ಕ್ಕಿಂತ ಕಡಿಮೆಯಾದರೆ 100 ಶೇಕಡಾ ಮೊತ್ತವನ್ನು ಗ್ರಾಹಕರ ಖಾತೆಗೆ ಜಮಾ ಮಾಡಲಾಗುತ್ತದೆ.

ತಿಂಗಳಿಗೆ 10,000 ರೂಪಾಯಿ ಬಾಡಿಗೆ ಕೊಡುವ ಒಬ್ಬ ಯಂತ್ರ ಬಿಡಿಭಾಗ ತಯಾರಕರನ್ನು ಊಹಿಸಿಕೊಳ್ಳೋಣ. ಒಂದು ಇಡೀ ದಿನ, ಅಂದರೆ 24 ಗಂಟೆ ಸೇವೆ ನಿಂತರೆ ಲಭ್ಯತೆ 96.67 ಶೇಕಡಾ ಆಗುತ್ತದೆ. ಅವರಿಗೆ ಸಿಗುವುದು 3,000 ರೂಪಾಯಿ. ಪೂರ್ಣ ಬಾಡಿಗೆ ಜಮೆಯಾಗಬೇಕಾದರೆ ಸೇವೆ 36 ಗಂಟೆಗಿಂತ ಹೆಚ್ಚು ಕಾಲ ನಿಂತಿರಬೇಕು. ಆ ಒಂದು ದಿನ ಮಾಲು ಕಳುಹಿಸಲಾಗದೆ ಅವರಿಗೆ ಎರಡು ಲಕ್ಷ ರೂಪಾಯಿಯ ನಷ್ಟವಾಗಿದ್ದರೂ ಈ ಲೆಕ್ಕ ಬದಲಾಗದು. ಪರಿಹಾರವೆಂಬುದು ಬಾಡಿಗೆಯ ಮೇಲಿನ ರಿಯಾಯಿತಿಯೇ ಹೊರತು ನಷ್ಟಭರ್ತಿಯಲ್ಲ. ಅದೂ ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿ ವಜಾ ಆಗುವ ಮೊತ್ತ. ಅಷ್ಟೇ ಅಲ್ಲದೆ, ಅದನ್ನು ಗ್ರಾಹಕರೇ ಗಡುವಿನೊಳಗೆ ದಾಖಲೆ ಸಹಿತ ಕೇಳಬೇಕು. ಮೇಲ್ಕಂಡ ಕರಾರಿನಂತೆ, ಘಟನೆಯ ನಂತರದ ಎರಡನೆಯ ಬಿಲ್ಲಿಂಗ್ ಅವಧಿ ಮುಗಿಯುವುದರೊಳಗೆ ಕೋರಿಕೆ ತಲುಪಿರಬೇಕು. ಸೇವೆ ನಿಂತ ದಿನಾಂಕ, ವೇಳೆ ಮತ್ತು ಅವಧಿಯನ್ನು ಗುಮಾಸ್ತರಿಂದ ಒಂದು ಪುಸ್ತಕದಲ್ಲಿ ಬರೆಸಿಡುವುದು ಇದಕ್ಕಾಗಿಯೇ ಅವಶ್ಯ.

ಗೋದಾಮಿನಲ್ಲಿ ಇರಿಸಿದ ಸರಕಿಗೆ 1872ರ ಭಾರತೀಯ ಕರಾರು ಅಧಿನಿಯಮದ ಬೇಲ್‌ಮೆಂಟ್ ನಿಯಮಗಳ ರಕ್ಷಣೆಯಿದೆ. ಸರಕನ್ನು ವಿವೇಕಿಯಾದ ಮನುಷ್ಯನು ತನ್ನ ವಸ್ತುವನ್ನು ನೋಡಿಕೊಳ್ಳುವಂತೆ ನೋಡಿಕೊಳ್ಳುವುದು ಇರಿಸಿಕೊಂಡವನ ಕರ್ತವ್ಯ. ಸರ್ವರ್‌ನಲ್ಲಿರುವ ದತ್ತಾಂಶಕ್ಕೂ ಅಂಥದೇ ರಕ್ಷಣೆ ತಾನಾಗಿಯೇ ದೊರೆಯುತ್ತದೆಂದು ನಂಬಿ ಕೂರುವಂತಿಲ್ಲ. ಕರಾರಿನಲ್ಲಿ ಬರೆದದ್ದೇ ಇಲ್ಲಿ ಆಧಾರ. ಬಾಯಿಮಾತಿನ ಭರವಸೆಯ ಮೇಲೆ ಲೆಕ್ಕಪತ್ರ ಒಪ್ಪಿಸಿದವರಿಗೆ ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಅನ್ವಯಿಸದಂತೆ ನೋಡಿಕೊಳ್ಳಬೇಕು.

ನಡೆದ ಘಟನೆಗಳು ಕಲಿಸುವ ಪಾಠ

ಸೇವೆ ಕೆಲವು ಗಂಟೆ ನಿಲ್ಲುವುದು ಒಂದು ಬಗೆಯ ತೊಂದರೆ. ದತ್ತಾಂಶವೇ ನಾಶವಾಗುವುದು ಇನ್ನೊಂದು ಬಗೆಯದು. ಲಭ್ಯತೆಯ ಶೇಕಡಾ ಎರಡನೆಯದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಈಚಿನ ವರ್ಷಗಳ ಕೆಲವು ಘಟನೆಗಳು ಈ ಮಾತನ್ನು ಸ್ಪಷ್ಟಪಡಿಸುತ್ತವೆ.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಎಚ್ ಕ್ಲೌಡ್ ಸಂಸ್ಥೆಯ ಒಂದು ದತ್ತಾಂಶ ಕೇಂದ್ರ ಬೆಂಕಿಗೆ ಸಂಪೂರ್ಣ ಆಹುತಿಯಾಯಿತು. ಪಕ್ಕದ ಇನ್ನೊಂದಕ್ಕೂ ಹಾನಿಯಾಯಿತು. ಬೇರೆಡೆ ಪ್ರತಿ ಇರಿಸಿಕೊಳ್ಳದಿದ್ದ ಗ್ರಾಹಕರ ದತ್ತಾಂಶ ಶಾಶ್ವತವಾಗಿ ಹೋಯಿತು. ಪ್ರತಿ ಇರಿಸುವ ಸೇವೆಗೆ ಪ್ರತ್ಯೇಕವಾಗಿ ಹಣ ಕೊಟ್ಟಿದ್ದ ಒಂದು ಗ್ರಾಹಕ ಕಂಪನಿಯ ಪ್ರತಿಯೂ ಅದೇ ಕಟ್ಟಡದಲ್ಲಿತ್ತು. 2023ರ ಜನವರಿಯಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯವು ಆ ಕಂಪನಿಗೆ ಪರಿಹಾರ ನೀಡುವಂತೆ ತೀರ್ಪಿತ್ತಿತು. ಪ್ರತಿ ಇದೆಯೇ ಎಂದು ಕೇಳಿದರೆ ಸಾಲದು, ಅದು ಎಲ್ಲಿದೆ ಎಂದೂ ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ.

2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯ ಸೇವೆ ಒಂದು ವಾರಕ್ಕೂ ಹೆಚ್ಚು ಕಾಲ ಸ್ಥಗಿತವಾಯಿತು. ಗೂಗಲ್ ಕ್ಲೌಡ್‌ನ ಕಡೆಯಲ್ಲಿ ಆದ ಒಂದು ಹೊಂದಾಣಿಕೆಯ ತಪ್ಪಿನಿಂದ ನಿಧಿಯ ಖಾಸಗಿ ಕ್ಲೌಡ್ ವ್ಯವಸ್ಥೆಯೇ ಅಳಿಸಿಹೋಗಿತ್ತು. ಎರಡು ಭೌಗೋಳಿಕ ಸ್ಥಳಗಳಲ್ಲಿ ಜೋಡಿ ವ್ಯವಸ್ಥೆ ಇದ್ದರೂ ಅಳಿಸುವಿಕೆ ಎರಡಕ್ಕೂ ಅನ್ವಯಿಸಿತು. ನಿಧಿಯು ಬೇರೊಬ್ಬ ಸೇವಾದಾರರಲ್ಲಿಯೂ ಪ್ರತಿಗಳನ್ನು ಇರಿಸಿದ್ದುದು ಮರುಸ್ಥಾಪನೆಗೆ ನೆರವಾಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ನಿಧಿಯೇ ಈ ಎಚ್ಚರ ವಹಿಸಿತ್ತೆಂಬುದನ್ನು ಗಮನಿಸಬೇಕು.

ನಮ್ಮ ದೇಶದ ಉದಾಹರಣೆಯೂ ಇದೆ. ಸಹಕಾರಿ ಮತ್ತು ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ವ್ಯವಸ್ಥೆಗಳ ಮೇಲೆ 2024ರ ಜುಲೈ ಕೊನೆಯಲ್ಲಿ ಒತ್ತೆಹಣದ ಸೈಬರ್ ದಾಳಿ ನಡೆಯಿತು. ದಾಳಿ ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯನ್ನು ಚಿಲ್ಲರೆ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆಗಳು ದೊರೆಯದಾದವು. ಆಗಸ್ಟ್ 1ರಂದು ಸಂಪರ್ಕ ಮರಳಿತು. ಅನೇಕರು ಒಬ್ಬರನ್ನೇ ನೆಚ್ಚಿಕೊಂಡಾಗ ಒಬ್ಬರ ತೊಂದರೆ ಎಲ್ಲರ ತೊಂದರೆಯಾಗುತ್ತದೆ.

ಹೀಗೆಂದು ಸ್ವಂತ ಯಂತ್ರವೇ ಸುರಕ್ಷಿತವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಅಂಗಡಿಯ ಮೂಲೆಯಲ್ಲಿರುವ ಗಣಕಯಂತ್ರಕ್ಕೆ ಬೆಂಕಿ, ನೀರು, ಕಳ್ಳತನ, ವಿದ್ಯುತ್ತಿನ ಏರಿಳಿತ ಇವೆಲ್ಲದರ ಭಯವೂ ಇದೆ. ಅದನ್ನು ನೋಡಿಕೊಳ್ಳಲು ತಂತ್ರಜ್ಞರ ತಂಡವಿಲ್ಲ. ಯಂತ್ರ ಕೆಡದಂತೆ ಕಾಯುವ ವಿಷಯದಲ್ಲಿ ದೊಡ್ಡ ಕ್ಲೌಡ್ ಸಂಸ್ಥೆಗಳು ಸಣ್ಣ ವರ್ತಕರಿಗಿಂತ ಎಷ್ಟೋ ಮುಂದಿವೆ. ಆದರೆ ಗುಪ್ತಪದದ ರಕ್ಷಣೆ, ಕೆಲಸ ಬಿಟ್ಟು ಹೋದ ನೌಕರನ ಪ್ರವೇಶವನ್ನು ಅಂದೇ ರದ್ದುಪಡಿಸುವುದು, ಯಾರಿಗೆ ಯಾವ ಖಾತೆ ಕಾಣಬೇಕೆಂಬ ನಿರ್ಧಾರ, ಮತ್ತೊಂದು ಪ್ರತಿಯನ್ನು ಬೇರೆಡೆ ಇರಿಸುವುದು, ಇವು ಗ್ರಾಹಕರ ಪಾಲಿನ ಕೆಲಸಗಳೆಂದೇ ಈ ಸಂಸ್ಥೆಗಳ ಕರಾರುಗಳು ಹೇಳುತ್ತವೆ.

ಕಾನೂನಿನ ದೃಷ್ಟಿಯಲ್ಲಿ ಹೊಣೆ ಯಾರದು?

ಲೆಕ್ಕಪತ್ರಗಳು ಎಲ್ಲಿಯೇ ಇರಲಿ, ಅವುಗಳನ್ನು ಹಾಜರುಪಡಿಸುವ ಹೊಣೆ ವರ್ತಕರದೇ. ಈ ಕೆಳಗಿನ ಅಂಶಗಳನ್ನು ಸದಸ್ಯರು ಗಮನಿಸಬೇಕು.

1. ಕಂಪನಿಗಳು 2013ರ ಕಂಪನಿ ಅಧಿನಿಯಮದ 128ನೇ ಪ್ರಕರಣದಂತೆ ಲೆಕ್ಕಪತ್ರಗಳನ್ನು ಕನಿಷ್ಠ 8 ಹಣಕಾಸು ವರ್ಷಗಳವರೆಗೆ ಕಾಯ್ದಿರಿಸಬೇಕು. ತಪ್ಪಿದರೆ ಹೊಣೆಗಾರ ನಿರ್ದೇಶಕರು ಅಥವಾ ಅಧಿಕಾರಿಗಳಿಗೆ 50,000 ರೂಪಾಯಿಯಿಂದ 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು.

2. ವಿದ್ಯುನ್ಮಾನ ಲೆಕ್ಕಪತ್ರಗಳ ಪ್ರತಿಯನ್ನು ಭಾರತದಲ್ಲಿ ಭೌತಿಕವಾಗಿ ಇರುವ ಸರ್ವರ್‌ನಲ್ಲಿ ಕಂಪನಿಗಳು ಇರಿಸಬೇಕು. ಮೊದಲು ‘ನಿಯತಕಾಲಿಕವಾಗಿ’ ಎಂದಿದ್ದುದನ್ನು 2022ರ ಆಗಸ್ಟ್ ತಿದ್ದುಪಡಿಯು ‘ಪ್ರತಿದಿನ’ ಎಂದು ಬದಲಿಸಿತು. ಸೇವಾದಾರರ ಹೆಸರು, ಸ್ಥಳ, ಐಪಿ ವಿಳಾಸ ಮತ್ತು ಕ್ಲೌಡ್‌ನಲ್ಲಿ ಇರಿಸಿದ್ದರೆ ಅವರು ನೀಡಿದ ವಿಳಾಸವನ್ನು ಪ್ರತಿವರ್ಷ ಕಂಪನಿ ನೋಂದಣಾಧಿಕಾರಿಗೆ ತಿಳಿಸಬೇಕು.

3. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಾಖಲಾಗುವ ‘ಆಡಿಟ್ ಟ್ರೇಲ್’ ಇರಬೇಕು. ಅದನ್ನು ನಿಲ್ಲಿಸಲು ಆಗಬಾರದು. ಈ ಬಗ್ಗೆ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಹೇಳಬೇಕಾಗಿದೆ.

4. ಜಿಎಸ್‌ಟಿ ನೋಂದಾಯಿತ ವರ್ತಕರೆಲ್ಲರೂ, ಮಾಲೀಕತ್ವದ ಅಂಗಡಿಯೇ ಇರಲಿ ಪಾಲುದಾರಿಕೆ ಸಂಸ್ಥೆಯೇ ಇರಲಿ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳವರೆಗೆ ದಾಖಲೆಗಳನ್ನು ಇಟ್ಟಿರಬೇಕು. ಅವಘಡದಿಂದ ದಾಖಲೆ ನಾಶವಾದರೂ ಯುಕ್ತ ಕಾಲದಲ್ಲಿ ಮರಳಿ ಪಡೆಯುವಂತೆ ವಿದ್ಯುನ್ಮಾನ ಪ್ರತಿ ಇರಬೇಕೆಂದು ಜಿಎಸ್‌ಟಿ ನಿಯಮಗಳ 57ನೇ ನಿಯಮವು ವಿಧಿಸುತ್ತದೆ.

5. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಂತೆ, ಗ್ರಾಹಕರ ಹಾಗೂ ನೌಕರರ ವೈಯಕ್ತಿಕ ಮಾಹಿತಿಯನ್ನು ಬೇರೊಬ್ಬರ ಕೈಯಲ್ಲಿ ನಿರ್ವಹಿಸಿದರೂ ಮೂಲ ಹೊಣೆ ಮಾಹಿತಿ ಸಂಗ್ರಹಿಸಿದವರದೇ. ಸುರಕ್ಷತೆಯ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿದ್ದು, ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಇಲ್ಲಿ ಕಾಲದ ಒಂದು ವಿಚಾರವನ್ನು ವಿಶೇಷವಾಗಿ ಹೇಳಬೇಕಾಗಿದೆ. ಕಾನೂನು ಕೇಳುವುದು 8 ವರ್ಷ ಅಥವಾ 72 ತಿಂಗಳು. ಚಂದಾ ನಿಂತ ಮೇಲೆ ಸೇವಾದಾರರು ದತ್ತಾಂಶವನ್ನು ಇಟ್ಟುಕೊಳ್ಳುವುದು ಕೆಲವೇ ವಾರ ಅಥವಾ ತಿಂಗಳು. ಮೈಕ್ರೋಸಾಫ್ಟ್ ತನ್ನ ಚಂದಾ ಸೇವೆಗಳಲ್ಲಿ ಸಾಮಾನ್ಯವಾಗಿ 90 ದಿನ ಇಟ್ಟುಕೊಂಡು ಬಳಿಕ ಅಳಿಸುತ್ತದೆ. ದರ ಹೆಚ್ಚಾಯಿತೆಂದು ಸೇವೆಯನ್ನು ಬದಲಿಸಿದ ವರ್ತಕರಿಗೆ ನಾಲ್ಕು ವರ್ಷಗಳ ನಂತರ ಇಲಾಖೆಯ ನೋಟಿಸ್ ಬಂದರೆ, ಹಳೆಯ ಲೆಕ್ಕವನ್ನು ತೆರೆದು ತೋರಿಸಲು ಏನಿರುತ್ತದೆ ಎಂಬುದನ್ನು ಸೇವೆ ಬಿಡುವ ದಿನವಲ್ಲ, ಹಿಡಿಯುವ ದಿನವೇ ಯೋಚಿಸಬೇಕು. ಬರಿಯ ಪಿಡಿಎಫ್ ಪ್ರತಿಗಳು ಸಾಲವು. ವೋಚರ್ ಮಟ್ಟದ ದತ್ತಾಂಶ, ತಿದ್ದುಪಡಿಯ ದಾಖಲೆ, ಲಗತ್ತಿಸಿದ ಬಿಲ್ಲುಗಳು ಇವೆಲ್ಲವೂ ಬೇರೆ ತಂತ್ರಾಂಶದಲ್ಲಿ ತೆರೆಯಬಲ್ಲ ರೂಪದಲ್ಲಿ ದೊರೆಯಬೇಕು.

ಗುಣಮಟ್ಟವನ್ನು ಅಳೆಯುವ ಮಾನದಂಡಗಳು

ಕ್ಲೌಡ್ ಸೇವೆಗಳನ್ನು ಹೋಲಿಸಿ ನೋಡಲು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೇತೃತ್ವದ ಒಕ್ಕೂಟವೊಂದು ಸೇವಾ ಮಾಪನ ಸೂಚಿಯೊಂದನ್ನು ರೂಪಿಸಿತು. ಉತ್ತರದಾಯಿತ್ವ, ಹೊಂದಿಕೊಳ್ಳುವ ಸಾಮರ್ಥ್ಯ, ಭರವಸೆ, ವೆಚ್ಚ, ಕಾರ್ಯಕ್ಷಮತೆ, ಸುರಕ್ಷತೆ ಮತ್ತು ಗೋಪ್ಯತೆ, ಬಳಕೆಯ ಸುಲಭತೆ ಎಂಬ ಏಳು ಅಂಶಗಳು ಅದರಲ್ಲಿವೆ. ಸೇವಾ ಕರಾರಿನಲ್ಲಿ ಏನೇನಿರಬೇಕೆಂಬ ಬಗ್ಗೆ ಐಎಸ್ಒ 19086 ಎಂಬ ಅಂತರರಾಷ್ಟ್ರೀಯ ಮಾನಕವೂ ಇದೆ. ಸಣ್ಣ ಸಂಸ್ಥೆಗಳು ಇವನ್ನೆಲ್ಲ ಪೂರ್ಣವಾಗಿ ಅನುಸರಿಸಬೇಕಾಗಿಲ್ಲ. ಈ ಕೆಳಗಿನ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದರೆ ಬಹುಪಾಲು ಕೆಲಸವಾದಂತೆ.

– ಲಭ್ಯತೆ ಎಷ್ಟು ಶೇಕಡಾ? ತಿಂಗಳ ಲೆಕ್ಕವೋ ವರ್ಷದ ಲೆಕ್ಕವೋ? ಯಾವ ಕಾಲವನ್ನು ಲೆಕ್ಕದಿಂದ ಹೊರಗಿಡಲಾಗಿದೆ?
– ಅವಘಡವಾದರೆ ಎಷ್ಟು ಗಂಟೆಗಳ ನಮೂದುಗಳು ಕಳೆದುಹೋಗಬಹುದು? ಎಷ್ಟು ಗಂಟೆಗಳಲ್ಲಿ ಕೆಲಸ ಮತ್ತೆ ಆರಂಭವಾಗುತ್ತದೆ?
– ಪ್ರತಿ ಯಾವ ಊರಿನಲ್ಲಿದೆ? ಅದನ್ನು ಮರುಸ್ಥಾಪಿಸಿ ಪರೀಕ್ಷಿಸಿದ ಕೊನೆಯ ದಿನಾಂಕ ಯಾವುದು?
– ದೂರು ಕೊಟ್ಟರೆ ಎಷ್ಟು ಹೊತ್ತಿನಲ್ಲಿ ಉತ್ತರ? ದೂರವಾಣಿಯಲ್ಲಿ ಮನುಷ್ಯರು ಸಿಗುತ್ತಾರೆಯೇ? ತಿಂಗಳ 11 ಮತ್ತು 20ನೇ ತಾರೀಖುಗಳ ಆಸುಪಾಸು ವಿಶೇಷ ಏರ್ಪಾಡಿದೆಯೇ?
– ಸೈಬರ್ ದಾಳಿಯಾದರೆ ನಮಗೆ ಎಷ್ಟು ಹೊತ್ತಿನೊಳಗೆ ತಿಳಿಸುತ್ತಾರೆ? ಸರ್ಟ್-ಇನ್ ಸಂಸ್ಥೆಯ 2022ರ ನಿರ್ದೇಶನದಂತೆ ನಿಗದಿತ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳಲ್ಲಿ ವರದಿ ಮಾಡಬೇಕಾಗಿರುವುದರಿಂದ ಈ ಪ್ರಶ್ನೆ ಮುಖ್ಯ.
– ಸೇವೆ ಬಿಟ್ಟರೆ ದತ್ತಾಂಶ ಯಾವ ರೂಪದಲ್ಲಿ, ಎಷ್ಟು ದಿನಗಳಲ್ಲಿ, ಎಷ್ಟು ಶುಲ್ಕಕ್ಕೆ ದೊರೆಯುತ್ತದೆ?

ಸೇವಾದಾರರು ಐಎಸ್ಒ 27001 ಪ್ರಮಾಣಪತ್ರ ತೋರಿಸಿದರೆ, ಅದರ ವ್ಯಾಪ್ತಿ ಯಾವ ಕಚೇರಿಗೆ, ಯಾವ ಸೇವೆಗೆ ಎಂಬುದನ್ನು ಓದಬೇಕು. ಸರ್ಕಾರಿ ಇಲಾಖೆಗಳಿಗೆ ಸೇವೆ ನೀಡಲು ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ‘ಮೇಘರಾಜ್’ ಯೋಜನೆಯಡಿ ಪರೀಕ್ಷಿಸಿ ಪಟ್ಟಿ ಮಾಡಿದ ಸಂಸ್ಥೆಗಳಿವೆ. ಆಯ್ಕೆಯ ಮೊದಲ ಹಂತದಲ್ಲಿ ಆ ಪಟ್ಟಿಯನ್ನು ನೋಡುವುದು ಉಪಯುಕ್ತ.

ತೆರಿಗೆಯ ಬಗ್ಗೆ ಒಂದು ಮಾತು

ಸೇವಾದಾರರ ಭಾರತೀಯ ಘಟಕದಿಂದ ಬಿಲ್ಲು ಬರುವುದಾದರೆ ನಮ್ಮ ಜಿಎಸ್‌ಟಿ ಸಂಖ್ಯೆಯನ್ನು ಆರಂಭದಲ್ಲೇ ಅವರ ದಾಖಲೆಗೆ ಸೇರಿಸಬೇಕು. ಇಲ್ಲವಾದರೆ ಹೂಡುವಳಿ ತೆರಿಗೆಯ ಜಮೆ ತಪ್ಪಿಹೋಗುತ್ತದೆ. ವಿದೇಶಿ ಸಂಸ್ಥೆಯಿಂದ ನೇರವಾಗಿ ಕೊಂಡರೆ ಅದು ಸೇವೆಯ ಆಮದು. ಒಂದು ಲಕ್ಷ ರೂಪಾಯಿಯ ಬಿಲ್ಲಿಗೆ 18 ಶೇಕಡಾ ದರದಲ್ಲಿ 18,000 ರೂಪಾಯಿ ಐಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ನಾವೇ ನಗದಾಗಿ ಕಟ್ಟಿ, ಅರ್ಹತೆಯಿದ್ದರೆ ಬಳಿಕ ಜಮೆ ಪಡೆಯಬೇಕು. ಕಾರ್ಡಿನಲ್ಲಿ ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಇಂಥ ಸಣ್ಣ ಮೊತ್ತಗಳು ಲೆಕ್ಕಕ್ಕೆ ಬಾರದೆ ಉಳಿಯುವ ಸಂಭವ ಹೆಚ್ಚು.

ಉಪಸಂಹಾರ

ಕ್ಲೌಡ್ ಸೇವೆಯಿಂದ ಸಣ್ಣ ಉದ್ದಿಮೆದಾರರಿಗೆ ಬಂಡವಾಳ ಉಳಿಯುತ್ತದೆ, ಎಲ್ಲಿಂದಲಾದರೂ ವ್ಯವಹಾರ ನೋಡುವ ಅನುಕೂಲ ದೊರೆಯುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಈ ಸೌಲಭ್ಯವನ್ನು ದೂರವಿಡುವುದು ಜಾಣತನವೂ ಅಲ್ಲ, ಇಂದಿನ ವ್ಯವಹಾರದಲ್ಲಿ ಸಾಧ್ಯವೂ ಅಲ್ಲ. ಕೊಳ್ಳುವಾಗ ಶೇಕಡಾವನ್ನು ಗಂಟೆಗೆ ಪರಿವರ್ತಿಸಿ ನೋಡುವುದು, ಪರಿಹಾರದ ಮಿತಿಯನ್ನು ಅರಿಯುವುದು, ಸೇವೆ ಬಿಡುವ ಷರತ್ತನ್ನು ಮೊದಲೇ ಓದುವುದು ಇಷ್ಟು ಮಾಡಿದರೆ ಅನೇಕ ತೊಂದರೆಗಳಿಂದ ಪಾರಾಗಬಹುದು.

ಇವುಗಳ ಜೊತೆಗೆ, ಸೇವಾದಾರರು ಯಾರೇ ಆಗಿರಲಿ, ಪ್ರತಿ ವಾರಾಂತ್ಯಕ್ಕೆ ಲೆಕ್ಕಪತ್ರದ ಒಂದು ಪ್ರತಿಯನ್ನು ಇಳಿಸಿಕೊಂಡು ಅಂತರಜಾಲಕ್ಕೆ ಸೇರಿಸದ ಪ್ರತ್ಯೇಕ ಡಿಸ್ಕ್‌ನಲ್ಲಿ ಇರಿಸುವ ಪದ್ಧತಿಯನ್ನು ಎಲ್ಲ ಸದಸ್ಯರೂ ರೂಢಿಸಿಕೊಳ್ಳಬೇಕು. ಕಂಪನಿಗಳಿಗೆ ಕಾನೂನು ವಿಧಿಸಿರುವ ಪ್ರತಿದಿನದ ಪ್ರತಿಗೆ ಇದು ಹೆಚ್ಚುವರಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ತಾಳೆಪಟ್ಟಿ ಹೊಂದುತ್ತದೆಯೇ ಎಂದು ಲೆಕ್ಕಿಗರಿಂದ ಪರೀಕ್ಷಿಸಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸುವಂತಿಲ್ಲ. ಇದಕ್ಕೆ ತಗಲುವುದು ಕೆಲವು ಸಾವಿರ ರೂಪಾಯಿಯ ಒಂದು ಡಿಸ್ಕ್ ಮತ್ತು ಗುಮಾಸ್ತರ ಅರ್ಧ ಗಂಟೆ.